ಬಾನೆಟ್ಟಿನ ಮೇಲಿನ ಗಾಳಿ

ಬೆಳಿಗ್ಗೆ ಹತ್ತು ಗಂಟೆ ಐವತ್ತೆರಡು ನಿಮಿಷ. ಸಮಯ ಇಷ್ಟು ಖಚಿತವಾಗಿ ನೆನಪಿದೆ, ಏಕೆಂದರೆ ಆ ಹೊತ್ತಿನಲ್ಲಿ ನಾನು ರಸ್ತೆಯನ್ನಲ್ಲ, ಕೈಗಡಿಯಾರವನ್ನು ನೋಡುತ್ತಿದ್ದೆ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲು ನಮ್ಮ ಎಡಗಡೆಯಿಂದ ಹಿಂದೆ ಸರಿಯಿತು. ನಾನು "ಹ್ಞೂಂ" ಎಂದೆ. ಸೆಕೆಂಡಿನ ಮುಳ್ಳು ಹನ್ನೆರಡರ ಮೇಲಿತ್ತು. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದಿದ್ದ ಗೆಳೆಯ ಕಾಲನ್ನು ಪೂರ್ತಿ ಒತ್ತಿದ. ಮುಂದಿನ ಕಲ್ಲು ಮೂವತ್ತಾರು ಸೆಕೆಂಡಿನೊಳಗೆ ಬಂದರೆ ಗಂಟೆಗೆ ನೂರು ಕಿಲೋಮೀಟರ್. ಆರು ತಿಂಗಳಿಂದ ನಾವು ಕಾಯುತ್ತಿದ್ದುದು ಆ ಮೂವತ್ತಾರಕ್ಕಾಗಿ.

ಇಪ್ಪತ್ತನೆಯ ಸೆಕೆಂಡಿನ ಹೊತ್ತಿಗೆ ಬಾನೆಟ್ಟಿನ ಮುಂದಿನ ಅಂಚು ಒಂದು ಬೆರಳಿನಷ್ಟು ಮೇಲೆದ್ದು ಮತ್ತೆ ಕೂತಿತು. ಮಲಗಿದವರ ಎದೆ ಏರಿ ಇಳಿದ ಹಾಗೆ. ನಾನು ಅದನ್ನು ಕಂಡೆ. ಕಂಡೂ ಮತ್ತೆ ಗಡಿಯಾರದ ಕಡೆ ಕಣ್ಣು ಹಾಕಿದೆ.

ಅದರ ಮುಂದಿನದನ್ನು ಹೇಳುವ ಮುಂಚೆ ನಾವು ಅಲ್ಲಿಗೆ ಹೇಗೆ ಬಂದೆವು ಎಂಬುದನ್ನು ಹೇಳಬೇಕು.

ಗೆಳೆಯ ಕೊಟ್ಟೂರಿನ ಗ್ಯಾರೇಜಿನವರ ಮಗ. ನಾನು ಹಗರಿಬೊಮ್ಮನಹಳ್ಳಿಯವನು, ಬಟ್ಟೆ ಅಂಗಡಿಯ ಮನೆಯವನು. ಸೋದರಮಾವನ ಮನೆಯಲ್ಲಿದ್ದು ಕೊಟ್ಟೂರಿನಲ್ಲಿ ಹೈಸ್ಕೂಲು ಓದಿದೆ. ಮೂರು ವರ್ಷ ಇಬ್ಬರದೂ ಒಂದೇ ಬೆಂಚು. ಆಮೇಲೆ ಅವನು ತಂದೆಯ ಕೈಕೆಳಗೆ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವುದನ್ನು ಕಲಿತ. ನಾನು ಬಿಎಸ್ಸಿ ಮುಗಿಸಿ ಕೆಲಸ ಸಿಗಲೆಂದು ಕಾಯುತ್ತ ಕೂತೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಪ್ರತಿ ಭಾನುವಾರ ಮೊದಲ ಬಸ್ಸಿಗೆ ಕೋಗಳಿ ಮೇಲೆ ಹಾದು ಕೊಟ್ಟೂರಿಗೆ ಬಂದುಬಿಡುತ್ತಿದ್ದೆ. ಗ್ಯಾರೇಜಿನ ಹಿಂದೆ ಬೇವಿನ ಮರದ ಕೆಳಗೆ ಒಂದು ಹಳೆಯ ಕಾರಿತ್ತು. ಯಾರೋ ಹತ್ತಿ ವ್ಯಾಪಾರಿ ಬೇಡವೆಂದು ಬಿಟ್ಟದ್ದು. ಅದನ್ನು ಗೆಳೆಯ ಒಂದೊಂದೇ ಬೋಲ್ಟು ಬಿಚ್ಚಿ ಜೀವ ಬರಿಸಿದ್ದ. ಅವನ ಆಸೆ ಒಂದೇ: ಟ್ರ್ಯಾಕ್ಟರ್, ಟೆಂಪೊ ರಿಪೇರಿಯ ಆಚೆಗೆ, ಗಾಡಿಯನ್ನು ಓಡುವಂತೆ ಮಾಡುವ ಮೆಕ್ಯಾನಿಕ್ ಎಂದು ಐದಾರು ಊರುಗಳಲ್ಲಿ ಹೆಸರಾಗಬೇಕು. ಅದಕ್ಕೆ ಅಪ್ಪ ಒಪ್ಪಿ ತಲೆಯಾಡಿಸಬೇಕು.

ಅವನ ಅಪ್ಪನನ್ನು ನಾನು ಚಾಚಾ ಎನ್ನುತ್ತಿದ್ದೆ. ಅವರು ನನ್ನನ್ನು ಬೇಟಾ ಎನ್ನುತ್ತಿದ್ದರು. ಮಗ ಮಾತ್ರ ನನ್ನನ್ನು ಕರೆಯುತ್ತಿದ್ದುದು "ಲೇ ಬಿಎಸ್ಸಿ" ಎಂದೇ.

ಕಾರಿನ ಸ್ಪೀಡೋಮೀಟರ್ ಕೆಟ್ಟಿತ್ತು. "ಅದು ನಿಂತ ಗಾಡಿಗೂ ನಲವತ್ತು ತೋರಸ್ತೈತಿ," ಎಂದು ಚಾಚಾ ನಗುತ್ತಿದ್ದರು. ಹಾಗಾಗಿ ಕಲ್ಲಿನಿಂದ ಕಲ್ಲಿಗೆ ಎಷ್ಟು ಸೆಕೆಂಡು ಎಂದು ಅಳೆಯುವ ಉಪಾಯ ನಾನು ಹೇಳಿಕೊಟ್ಟೆ. ಆ ಉಪಾಯ ಸಿಕ್ಕ ಮೇಲೆ ನಮಗೆ ಹಬ್ಬ. ಗಾಡಿ ಓಡಿಸುವವರ ಬಾಯಲ್ಲಿ ಕೇಳಿದ ಪ್ರತಿಯೊಂದು ಮಾತನ್ನೂ ಆ ರಸ್ತೆಯ ಮೇಲೆ ಪರೀಕ್ಷೆ ಮಾಡಿದೆವು. ಪೆಟ್ರೋಲಿಗೆ ಎರಡು ಡಾಂಬರ್ ಗುಳಿಗೆ ಹಾಕಿದರೆ ಗಾಡಿ ಹಾರುತ್ತದೆ ಎಂದು ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಟ್ಯಾಕ್ಸಿಯವರು ಹೇಳುತ್ತಿದ್ದರು. ಹಾಕಿದೆವು. ಮೊದಲು ಎಷ್ಟು ಸೆಕೆಂಡು ಇತ್ತೋ ಅಷ್ಟೇ. ಕಾರಿನೊಳಗೆ ಮಾತ್ರ ಅಜ್ಜಿಯ ಟ್ರಂಕಿನ ವಾಸನೆ. ಸೈಲೆನ್ಸರಿನ ಹೊಟ್ಟೆ ಕೊಯ್ದರೆ ವೇಗ ಬರುತ್ತದೆ ಎಂದರು. ಕೊಯ್ದೆವು. ಸದ್ದು ಕೇಳಿದರೆ ವಿಮಾನ, ಗಡಿಯಾರ ನೋಡಿದರೆ ಒಂದು ಸೆಕೆಂಡು ಹಿಂದೆಯೇ ಬಿದ್ದಿದ್ದೆವು. ಏರ್ ಫಿಲ್ಟರ್ ತೆಗೆದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ ಎಂದರು. ತೆಗೆದೆವು. ಅದು ನಮ್ಮ ಕರಿಮಣ್ಣಿನ ಧೂಳನ್ನು ಉಸಿರಾಡಿತು.

"ಏನಪ್ಪಾ ಬಿಎಸ್ಸಿ, ಇನ್ನ ಏನ್ ಉಳದೈತಿ? ಲಿಂಬಿಹಣ್ಣು ಕಟ್ಟೋದೊಂದು ಬಾಕಿ!" ಎಂದು ಗೆಳೆಯ ಸೀಟಿನ ಮೇಲೆ ಬಿದ್ದು ನಕ್ಕಿದ್ದ.

ಕೊನೆಗೆ ವೇಗ ತಂದದ್ದು ಚಾಚಾ. ಒಂದು ದಿನ ಕಾರನ್ನು ಜ್ಯಾಕ್ ಮೇಲೆ ಎತ್ತಿ ಚಕ್ರವನ್ನು ಕೈಯಿಂದ ತಿರುಗಿಸಿದರು. ಅದು ಅರ್ಧ ಸುತ್ತಿಗೆ ನಿಂತಿತು. "ಬ್ರೇಕ್ ಹಿಡ್ಕೊಂಡು ಕುಂತೈತಿ. ಕಾಲು ಕಟ್ಟಿ ಎತ್ತು ಓಡಸಾಕ ಹತ್ತೀರಲ್ಲೋ," ಎಂದರು. ಅದನ್ನು ಬಿಡಿಸಿ, ಟೈರಿಗೆ ಸರಿಯಾಗಿ ಗಾಳಿ ತುಂಬಿದ ಮೇಲೆ ಮೂವತ್ತೆಂಟಕ್ಕೆ ಬಂದೆವು. ಇನ್ನು ಎರಡೇ ಎರಡು ಸೆಕೆಂಡು.

ಆ ಎರಡು ಸೆಕೆಂಡಿನ ಆಸೆಗೆ ಬಾನೆಟ್ಟಿಗೆ ಕೈ ಹಾಕಿದೆವು. ಹಳೆಯ ಪತ್ರಿಕೆಯೊಂದರಲ್ಲಿ ಕೆಂಪು ಸ್ಪೋರ್ಟ್ಸ್ ಕಾರಿನ ಬಣ್ಣದ ಚಿತ್ರ ನನಗೆ ಸಿಕ್ಕಿತ್ತು. ಬಾನೆಟ್ಟಿನ ಮೇಲೆ ಮೂಗಿನಂಥ ಉಬ್ಬು, ಗಾಜಿನ ಬುಡದಲ್ಲಿ ತೆಳುವಾದ ಸಂದಿ. ಗೆಳೆಯ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅಂಥದೇ ಮೂಗು ಮಾಡಿ ಕೂರಿಸಿದ. ಅದರಿಂದ ಒಳಗೆ ಗಾಳಿ ಹೋಗಲು ದಾರಿಯೇ ಇರಲಿಲ್ಲ, ಆದರೂ ಕಾರು ಸಿಟ್ಟಿಗೆದ್ದಂತೆ ಕಾಣುತ್ತಿತ್ತು. ಮೂಗಿನ ತಗಡಿಗೆ ಅಡ್ಡ ಬರುತ್ತದೆಂದು ಬಾನೆಟ್ಟಿನ ಒಳಗಿನ ಎರಡನೆಯ ಕೊಕ್ಕೆಯನ್ನು ತೆಗೆದೆವು. ಬೀಗ ಬಿಟ್ಟರೂ ಬಾನೆಟ್ಟು ಪೂರ್ತಿ ತೆರೆದುಕೊಳ್ಳದಂತೆ ಹಿಡಿಯುವ ಕೊಕ್ಕೆ ಅದು, ಉಳಿದ ಬೀಗವೂ ಹಳೆಯದು, ಸವೆದದ್ದು. ಆಮೇಲೆ ಗಾಜಿನ ಕಡೆಯ ಕೀಲುಗಳ ಕೆಳಗೆ ಮೂರು ಮೂರು ವಾಷರ್ ಕೊಟ್ಟು ಬಾನೆಟ್ಟಿನ ಹಿಂದಿನ ಅಂಚನ್ನು ಎತ್ತರಿಸಿದೆವು. ಎಂಜಿನ್ನಿನ ಬಿಸಿ ಆ ಸಂದಿಯಿಂದ ಹೊರಗೆ ಹೋಗುತ್ತದೆ ಎಂದು ಎಲ್ಲರೂ ಹೇಳುವ ಮಾತು. ನಾನು ಅದನ್ನು ಪರೀಕ್ಷೆ ಮಾಡಿಯೂ ತೋರಿಸಿದೆ. ನಿಂತ ಕಾರಿನ ಎಂಜಿನ್ ಚಾಲೂ ಮಾಡಿಸಿ ಸಂದಿಯ ಮೇಲೆ ಒಂದು ಎಳೆ ಹತ್ತಿ ಹಿಡಿದೆ. ಹತ್ತಿ ಮೇಲಕ್ಕೆ ಹಾರಿತು.

"ನೋಡ್ರಿ ಚಾಚಾ!" ಎಂದೆ.

ಆ ಪರೀಕ್ಷೆಯನ್ನು ಓಡುವ ಕಾರಿನಲ್ಲಿ ಮಾಡಬೇಕಿತ್ತು ಎಂದು ನನಗೆ ಹೊಳೆಯಲಿಲ್ಲ.

ಚಾಚಾ ಹತ್ತಿಯನ್ನು ನೋಡಲಿಲ್ಲ, ಖಾಲಿಯಾದ ಕೊಕ್ಕೆಯ ಜಾಗವನ್ನು ನೋಡಿದರು. ಅವರ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಲಾರಿಯ ಹಳೆಯ ಟ್ಯೂಬನ್ನು ಎರಡು ಬೆರಳಗಲ ಉದ್ದುದ್ದ ಕೊಯ್ದು ಮೊಳೆಗೆ ನೇತುಹಾಕಿರುತ್ತಿದ್ದರು. ಬೀಗ ಸವೆದ ಯಾವ ಗಾಡಿಯೂ ಬಾನೆಟ್ಟಿನ ಮೇಲೆ ಆ ಪಟ್ಟಿ ಬಿಗಿಯದೆ ಹೊರಗೆ ಹೋಗುವಂತಿಲ್ಲ. ಕಟ್ಟಿದ ಮೇಲೆ ಎರಡು ಮೂಲೆಗೂ ಅಂಗೈಯಿಂದ ಒಂದೊಂದು ಏಟು. ಆ ಎರಡು ಏಟು ಕೇಳಿದರೆ ಕೆಲಸ ಮುಗಿಯಿತೆಂದು ಅರ್ಥ. ಕಟ್ಟುವುದು ಮೆಕ್ಯಾನಿಕ್‌ನ ಕೆಲಸ. ಬೇರೆಯವರ ಕೈಗೆ ಕೊಡುವಂತಿರಲಿಲ್ಲ.

"ಪಟ್ಟಿ ಕಟ್ಟು," ಎಂದು ಮಗನಿಗೆ ಹೇಳಿದರು.

ನಾನು ಬಾಯಿ ಹಾಕಿದೆ. "ಬ್ಯಾಡ್ರಿ ಚಾಚಾ. ಮುಂದಿನಿಂದ ಬರೋ ಗಾಳಿ ಇಳಿಜಾರು ಬಾನೆಟ್ ಮ್ಯಾಲ ಬೀಳತೈತಿ. ಸ್ಪೀಡ್ ಹೆಚ್ಚಾದಷ್ಟೂ ಅದನ್ನ ಕೆಳಗ ಒತ್ತತೈತಿ. ತಾನೇ ಬಿಗಿ ಆಗತೈತಿ."

"ಗಾಳಿ ಒತ್ತತೈತೋ ಎತ್ತತೈತೋ ನಂಗೇನ್ ಗೊತ್ತು ಬೇಟಾ. ಟ್ಯೂಬು ಎರಡಕ್ಕೂ ಆಗತೈತಿ."

ಬಿಎಸ್ಸಿಯಲ್ಲಿ ನಾನು ಓದಿದ್ದು ಇದಕ್ಕೆ ತದ್ವಿರುದ್ಧವಾದದ್ದು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಪುಸ್ತಕದಲ್ಲಿದ್ದುದು ವಿಮಾನದ ರೆಕ್ಕೆ. ನಮ್ಮ ಎಣ್ಣೆ ಡಬ್ಬಿಯ ಬಾನೆಟ್ಟಿಗೂ ಅದೇ ಲೆಕ್ಕ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಆ ಭಾನುವಾರ ನಮ್ಮೂರಿನ ಸ್ಟುಡಿಯೋದವರಿಂದ ಕ್ಯಾಮೆರಾ ಕೇಳಿ ತಂದಿದ್ದೆ. ಗೆಳೆಯ ಕಾರನ್ನು ತೊಳೆದು, ಪಟ್ಟಿ ಬಿಗಿದು, ಎರಡು ಏಟು ಹಾಕಿ, ಕೈ ತೊಳೆಯಲು ಒಳಗೆ ಹೋದ. ನಾನು ಕ್ಯಾಮೆರಾದ ಕಣ್ಣಿನಿಂದ ನೋಡಿದೆ. ಎಲ್ಲ ಆ ಪತ್ರಿಕೆಯ ಚಿತ್ರದ ಹಾಗೇ ಇತ್ತು, ಬಾನೆಟ್ಟಿನ ಮೇಲೆ ಅಡ್ಡಲಾಗಿ ಬಿದ್ದಿದ್ದ ಆ ಕಪ್ಪು ರಬ್ಬರ್ ಪಟ್ಟಿಯೊಂದನ್ನು ಬಿಟ್ಟು. ತಲೆನೋವಿಗೆ ಹಣೆಗೆ ಬಟ್ಟೆ ಕಟ್ಟಿಕೊಂಡವರಂತೆ ಕಾಣುತ್ತಿತ್ತು ಕಾರು. ಗಂಟು ಬಿಚ್ಚಿದೆ. ಫೋಟೋ ತೆಗೆದೆ. ಪಟ್ಟಿಯನ್ನು ಸುರುಳಿ ಸುತ್ತಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹಾಕಿದೆ. ಗೆಳೆಯ ಬಂದವನೇ ಸ್ಟೀರಿಂಗ್ ಹಿಡಿದ, ತಾನು ಬಿಗಿದ ಗಂಟನ್ನು ಮತ್ತೆ ನೋಡಲಿಲ್ಲ. ಮತ್ತೆ ಕಟ್ಟಲು ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಊರು ದಾಟುವಾಗ ನೆನಪಾಯಿತು, ಬೇಕಾಗಿಲ್ಲ ಎಂದುಕೊಂಡೆ.

ಹತ್ತು ಐವತ್ತೆರಡಕ್ಕೆ ಹಿಂತಿರುಗುತ್ತೇನೆ. ಆಗ ನನ್ನ ಕಣ್ಣು ಗಡಿಯಾರದ ಮೇಲಿತ್ತು. ಇಪ್ಪತ್ತೊಂದು, ಇಪ್ಪತ್ತೆರಡು. ಬಾನೆಟ್ಟು ಇನ್ನೊಮ್ಮೆ ಉಸಿರೆಳೆಯಿತು. ಇಪ್ಪತ್ತಮೂರು. ಕೂಗಿದರೆ ಅವನು ಕಾಲು ತೆಗೆಯುತ್ತಾನೆ, ಅಳತೆ ಕೆಡುತ್ತದೆ ಎಂಬ ಯೋಚನೆ ನನ್ನ ತಲೆಯಲ್ಲಿ ಹಾದುಹೋಯಿತು. ಆ ಯೋಚನೆ ಮುಗಿಯುವುದರೊಳಗೆ ಧಡ್ ಎಂಬ ಸದ್ದು. ಮುಂದಿನ ಗಾಜಿನ ತುಂಬ ಕತ್ತಲೆ. ಬಾನೆಟ್ಟು ಪೂರ್ತಿ ಎದ್ದು ಗಾಜಿಗೆ ಅಪ್ಪಳಿಸಿತ್ತು. ಗಾಜು ಸಕ್ಕರೆಯ ಹರಳಿನಂತೆ ಉದುರಿ ನಮ್ಮ ಮಡಿಲಿಗೆ ಬಿತ್ತು.

"ಯಾ ಅಲ್ಲಾ! ಏನೂ ಕಾಣವಲ್ದು!" ಎಂದ ಗೆಳೆಯ.

ನಾನು ಏನು ಹೇಳಿದೆನೋ ಗೊತ್ತಿಲ್ಲ. ಅವನು ಬ್ರೇಕನ್ನು ಒಮ್ಮೆಲೇ ಒತ್ತಲಿಲ್ಲ. ಅದೇ ನಮ್ಮನ್ನು ಉಳಿಸಿದ್ದು ಎಂದು ಆಮೇಲೆ ಚಾಚಾ ಹೇಳಿದರು. ಸೀಟಿನಲ್ಲಿ ಕೆಳಕ್ಕೆ ಜಾರಿ, ಗಲ್ಲವನ್ನು ಸ್ಟೀರಿಂಗಿಗೆ ತಾಗಿಸಿ, ಎದ್ದ ಬಾನೆಟ್ಟಿನ ಬುಡದ ಸಂದಿಯಲ್ಲಿ ಕಣ್ಣಿಟ್ಟ. ನಾವು ವಾಷರ್ ಕೊಟ್ಟು ಎತ್ತರಿಸಿದ್ದ ಸಂದಿ ಅದು. ಅವನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. "ಕುರಿ... ಕುರಿ ಅದಾವ..." ಎಂದ. ನನಗೆ ಪಕ್ಕದ ಕಿಟಕಿಯಿಂದ ಬೂದು ಬಣ್ಣದ ಬೆನ್ನುಗಳು ರಸ್ತೆಯ ತುಂಬ ಹರಿಯುತ್ತಿರುವುದು ಕಂಡಿತು. ನಡುವೆ ಕಂಬಳಿ ಹೊದ್ದ ಒಬ್ಬ ಮನುಷ್ಯ. ಅವನು ಓಡಲಿಲ್ಲ. ಕುರಿಗಳನ್ನು ಬಿಟ್ಟು ಓಡುವುದು ಅವನಿಗೆ ಹೊಳೆಯಲಿಲ್ಲವೇನೋ, ಕೋಲನ್ನು ಅಡ್ಡ ಹಿಡಿದು ನಿಂತುಬಿಟ್ಟ.

ಕಾರು ಎಡಕ್ಕೆ ವಾಲಿ, ಮಣ್ಣಿಗಿಳಿದು, ಜಾಲಿಕಂಟಿಗಳನ್ನು ಮುರಿಯುತ್ತ ಹೋಗಿ ನಿಂತಿತು. ನನ್ನ ಕಿಟಕಿಯ ಹೊರಗೆ, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ, ಒಂದು ಕುರಿ ನಿಂತು ನನ್ನನ್ನು ನೋಡುತ್ತಿತ್ತು.

ಕುರಿಯವನು ಮೊದಲು ಕುರಿಗಳ ಕಡೆ ಒಮ್ಮೆ ಕಣ್ಣಾಡಿಸಿ, ಆಮೇಲೆ ನಮ್ಮ ಹತ್ತಿರ ಬಂದ. ಗುಡೇಕೋಟೆ ಕಡೆಯವನಂತೆ, ಮೇವು ಹುಡುಕಿಕೊಂಡು ಈ ಕಡೆ ಬಂದಿದ್ದ. ಎದ್ದು ನಿಂತಿದ್ದ ಬಾನೆಟ್ಟನ್ನು ಕೋಲಿನಿಂದ ತಟ್ಟಿದ.

"ಏನ್ರಪ್ಪೋ, ಹೆಡಿ ಎತ್ತಿದ ಹಾವು ಬಂದಂಗ ಬಂತಲ್ಲ ನಿಮ್ಮ ಮೋಟಾರು. ಕಣ್ಣು ಮುಚ್ಚಿಗೊಂಡು ಹೊಡಿಯೋದು ಯಾವೂರಾಗ ಕಲ್ತೀರಿ?"

ಗೆಳೆಯ ಉತ್ತರ ಕೊಡಲು ಹೋಗಿ ವಾಂತಿ ಮಾಡಿಕೊಂಡ. ಕುರಿಯವನ ದನಿ ಇಳಿಯಿತು. ತನ್ನ ಸೋರೆಬುರುಡೆಯ ನೀರನ್ನು ಅವನ ತಲೆಗೆ ಹಾಕಿ, ಕುಡಿಯಲು ಕೊಟ್ಟ. ಆಮೇಲೆ ಬಾನೆಟ್ಟನ್ನು ಎಳೆದು ಇಳಿಸಿ, ಸೊಂಟದಲ್ಲಿದ್ದ ಕುರಿಗೂದಲಿನ ಹಗ್ಗ ಬಿಚ್ಚಿ, ಮುಂದಿನ ಬಂಪರಿಗೆ ಬಿಗಿದು ಕಟ್ಟಿದ. "ಕಟ್ಟದ ಬಿಟ್ರ ಕುರಿನೂ ನಿಲ್ಲಾಂಗಿಲ್ಲ," ಎಂದು ತನ್ನಷ್ಟಕ್ಕೇ ಎಂಬಂತೆ ಹೇಳಿದ. ಹಗ್ಗ ವಾಪಸು ಕೇಳಲಿಲ್ಲ.

ಎತ್ತಿನಗಾಡಿಯ ವೇಗದಲ್ಲಿ ಕೊಟ್ಟೂರಿಗೆ ಬಂದೆವು. ಮುರಿದ ಗಾಜಿನಿಂದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಪಟ್ಟಿ ನನ್ನ ಮೊಣಕಾಲಿನ ಮುಂದೆ, ಡಬ್ಬಿಯೊಳಗೆ ಇತ್ತು. ಮುಚ್ಚಳ ತೆರೆದು ತೋರಿಸಿದ್ದರೆ ಮುಗಿಯುತ್ತಿತ್ತು.

ಚಾಚಾ ಮಗನ ಹುಬ್ಬು ಒರೆಸಿದರು, ನನ್ನ ಕೈಕಾಲು ಮುಟ್ಟಿ ನೋಡಿದರು. ಆಮೇಲೆ ಕುರಿಗೂದಲಿನ ಹಗ್ಗವನ್ನು ನೋಡಿದರು.

"ಟ್ಯೂಬ್ ಎಲ್ಲಿ?"

ಗೆಳೆಯ ತನ್ನ ಎರಡೂ ಅಂಗೈ ನೋಡಿಕೊಂಡ. "ಕಟ್ಟಿದ್ನಲ್ಲ ಅಬ್ಬಾ... ಸಡ್ಲ ಆಗಿ ಬಿದ್ದಿರಬೇಕು," ಎಂದ ಅಪ್ಪನಿಗೆ.

"ನೀ ಕಟ್ಟಿದ ಗಂಟು ಬಿಚ್ಚತೈತೇನು?"

ಅವನು ಹಗ್ಗದ ಗಂಟನ್ನೊಮ್ಮೆ ಮುಟ್ಟಿ ನೋಡಿದ.

"ಇವನ ಮನಿಯವ್ರಿಗೆ ನಾ ಏನ್ ಹೇಳಬೇಕಿತ್ತು?" ಎಂದು ಚಾಚಾ ನನ್ನ ಕಡೆ ಬೆರಳು ಮಾಡಿದರು. "ಇನ್ನ ಮ್ಯಾಲ ನೀ ಎಂಜಿನ್ ಮುಟ್ಟಬ್ಯಾಡ. ಚಕ್ರ ಬಿಚ್ಚು, ಪಂಕ್ಚರ್ ಹಾಕು. ನಾ ಹೇಳೋತನ ಅಷ್ಟ."

ನಾನು ಅಲ್ಲೇ ನಿಂತಿದ್ದೆ. ಎಲ್ಲರೂ ಒಳಗೆ ಹೋದ ಮೇಲೆ ಡಬ್ಬಿಯಿಂದ ಪಟ್ಟಿ ತೆಗೆದು ಬ್ಯಾಗಿಗೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೋದೆ.

ಫೋಟೋ ಒಂದು ವಾರದ ಮೇಲೆ ಬಂತು. "ಬಾನೆಟ್ ಎಷ್ಟು ಸಾಪ್ ಬಂದೈತಿ ನೋಡ್ರಿ," ಎಂದರು ಸ್ಟುಡಿಯೋದವರು. ಹೌದು, ಬಾನೆಟ್ಟು ಬೋಳಾಗಿತ್ತು. ಅದನ್ನೂ ಪಟ್ಟಿಯನ್ನೂ ಟ್ರಂಕಿನಲ್ಲಿ ಅಂಗಿಗಳ ಕೆಳಗೆ ಇಟ್ಟೆ. ಅಂಗಿಗಳಿಗೆಲ್ಲ ರಬ್ಬರಿನ ವಾಸನೆ ಹಿಡಿಯಿತು.

ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಣ್ಣು ಹತ್ತುವಾಗ ಆ ಧಡ್ ಎಂಬ ಸದ್ದು ಕೇಳುತ್ತಿತ್ತು. ಸದ್ದಿಗಿಂತ ಮುಂಚಿನ ಮೂರು ಸೆಕೆಂಡುಗಳೇ ಹೆಚ್ಚು ಕಾಡುತ್ತಿದ್ದವು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಪ್ರತಿಸಲವೂ ನಾನು ಕೂಗಲು ಬಾಯಿ ತೆರೆಯುತ್ತಿದ್ದೆ, ಪ್ರತಿಸಲವೂ ಕಂಬಳಿ ಹೊದ್ದ ಮನುಷ್ಯ ಕೋಲು ಅಡ್ಡ ಹಿಡಿದು ನಿಲ್ಲುತ್ತಿದ್ದ.

ಮೊದಲ ಕೆಲವು ತಿಂಗಳು ಕೊಟ್ಟೂರಿಗೆ ಹೋದೆ. ಗೆಳೆಯ ಗ್ಯಾರೇಜಿನ ಮುಂದೆ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತ ಕೂತಿರುತ್ತಿದ್ದ. ಒಳಗೆ ಯಾವುದಾದರೂ ಎಂಜಿನ್ ತಪ್ಪಾಗಿ ಸದ್ದು ಮಾಡಿದರೆ ಅವನ ಕತ್ತು ಆ ಕಡೆ ತಿರುಗುತ್ತಿತ್ತು, ಆಮೇಲೆ ಮತ್ತೆ ನೀರಿಗೆ. ನನ್ನನ್ನು ದೂರಲಿಲ್ಲ. ಅದೇ ನನ್ನಿಂದ ತಡೆಯಲಾಗಲಿಲ್ಲ. ಹೋಗುವುದು ಕಡಿಮೆಯಾಯಿತು. ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳುವ ತಾತ್ಕಾಲಿಕ ಕೆಲಸ ಸಿಕ್ಕಿದ ಮೇಲೆ ಹೋಗುವುದು ನಿಂತೇಹೋಯಿತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಚಾಚಾ ಸಿಕ್ಕರು. "ಆರಾಮ್ ಅದೀರೇನ್ರಿ ಸಾರ್?" ಎಂದರು. ಗೌರವಕ್ಕೇ ಹಾಗೆಂದದ್ದು. ನಾನು ರೂಮಿಗೆ ಬಂದು ಊಟ ಮಾಡದೆ ಕೂತೆ.

ಈಗ ಹಡಗಲಿಯಲ್ಲಿದ್ದೇನೆ. ಸ್ವಂತ ಕಾರಿದೆ, ಯಾವ ರಸ್ತೆಯಲ್ಲೂ ನೂರು ಸುಲಭ. ಆದರೆ ಕಿಲೋಮೀಟರ್ ಕಲ್ಲು ಕಂಡಾಗಲೆಲ್ಲ ನನ್ನ ಬಾಯಿ "ಹ್ಞೂಂ" ಎನ್ನಲು ಹೋಗುತ್ತದೆ, ಪಕ್ಕದಲ್ಲಿ ಆ ಕಿವಿ ಇರುವುದಿಲ್ಲ. ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಾನೆಟ್ಟಿನ ಮೇಲೆ ಹರವಿಕೊಂಡು, ಬಿಸಿ ತಗಡಿಗೆ ಮೊಣಕೈ ಊರಿ, ಒಂದು ಸೆಕೆಂಡು ಎಲ್ಲಿ ಹೋಯಿತು ಎಂದು ಜಗಳವಾಡುತ್ತಿದ್ದ ಆ ಬೆಳಗುಗಳು! ಆ ಕಾರು ಬೇವಿನ ಮರದ ಕೆಳಗೇ ತುಕ್ಕು ಹಿಡಿದು ಗುಜರಿಗೆ ಹೋಯಿತು. ಮೂಗಿನ ತಗಡನ್ನು ಮಾತ್ರ ಗೆಳೆಯ ಇಟ್ಟುಕೊಂಡಿದ್ದಾನೆ, ನಟ್ಟು ಹಾಕಿಡುವುದಕ್ಕೆ.

ಆ ಅಪಘಾತವಾಗಿ ಎರಡು ವರ್ಷದ ಮೇಲೆ, ಇನ್ನೂ ಹರಪನಹಳ್ಳಿಯಲ್ಲಿದ್ದಾಗ, ಒಂದು ಶನಿವಾರ ಬೆಳಿಗ್ಗೆ ತರಗತಿಯಲ್ಲಿ ಆ ಪಾಠ ಬಂತು. ಹಿಂದಿನ ವರ್ಷ ಮಾಡಿದ್ದಂತೆಯೇ ಪುಸ್ತಕದ ಒಂದು ಪಟ್ಟಿ ಕಾಗದ ಹರಿದು, ತುಟಿಯ ಕೆಳಗೆ ಹಿಡಿದು, ಅದರ ಮೇಲೆ ಊದಿದೆ. ಜೋತುಬಿದ್ದಿದ್ದ ಕಾಗದ ಎದ್ದು ನಿಂತಿತು. ಮೇಲೆ ಗಾಳಿ ವೇಗವಾಗಿ ಓಡಿದರೆ ಅಲ್ಲಿ ಒತ್ತಡ ಕಡಿಮೆ, ಕೆಳಗಿನ ಗಾಳಿ ಎತ್ತುತ್ತದೆ ಎಂದೆ. ಹುಡುಗರು ಬರೆದುಕೊಂಡರು. ತೆಲಿಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು ಹುಡುಗಿ ಎದ್ದು ನಿಂತಳು.

"ಸಾರ್, ಹಂಗಾದ್ರೆ ನಮ್ಮ ಬಸ್ಸಿನ ಮೇಲೆ ಲಗೇಜಿಗೆ ಹೊದಿಸಿದ ತಾಡಪಾಲು ಉಬ್ಬೋದೂ ಇದಕ್ಕೇನಾ? ಸಂದಿಯಾಗೆ ಗಾಳಿ ನುಗ್ಗಿ ಉಬ್ಬುತ್ತೆ ಅಂದ್ಕಂಡಿದ್ದೆ."

"ಎರಡೂ," ಎಂದೆ. "ಮೇಲಿನ ಗಾಳಿ ಎತ್ತುತ್ತದೆ. ಸಂದಿ ಇದ್ದರೆ ಒಳಗೆ ಹೋದ ಗಾಳಿಯೂ ನೂಕುತ್ತದೆ."

"ಮತ್ತೆ ಹಾರಿ ಹೋಗಲ್ವಾ ಸಾರ್?"

"ಹಗ್ಗ ಕಟ್ಟಿರುತ್ತಾರೆ," ಎಂದೆ. ಪುಸ್ತಕ ಮುಚ್ಚಿದೆ. ಕಾಗದದ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಟೆ ಹೊಡೆಯುವ ಮುಂಚೆಯೇ ತರಗತಿ ಬಿಟ್ಟೆ.

ಊರಿಗೆ ಹೋಗಿ, ಟ್ರಂಕಿನಿಂದ ಎರಡನ್ನೂ ತೆಗೆದುಕೊಂಡು, ಕೊಟ್ಟೂರಿನ ಬಸ್ಸು ಹತ್ತಿದೆ. ನಾಲ್ಕು ಗಂಟೆಗೆ ಗ್ಯಾರೇಜಿನಲ್ಲಿದ್ದೆ. ಚಾಚಾ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಬರ್ರಿ ಸಾರ್, ಬರ್ರಿ. ಲೇ, ಇನ್ನೊಂದು ಕಪ್ ತಾರೋ!"

ಗೆಳೆಯ ಟ್ರ್ಯಾಕ್ಟರಿನ ಚಕ್ರದ ಹಿಂದಿನಿಂದ ಎದ್ದು ಬಂದ. ಹುಬ್ಬಿನ ಮೇಲೆ ಬಿಳಿಯ ಗೆರೆ. ನಾನು ಕೂರಲಿಲ್ಲ. ಪಟ್ಟಿಯನ್ನು ಸ್ಟೂಲಿನ ಪಕ್ಕದ ಟೈರಿನ ಮೇಲಿಟ್ಟೆ, ಅದರ ಮೇಲೆ ಫೋಟೋ.

"ಗಂಟು ಸಡ್ಲ ಆಗಿರಲಿಲ್ಲ ಚಾಚಾ. ನಾನು ಬಿಚ್ಚಿದ್ದೆ. ಫೋಟೋಕ್ಕ ಅಂತ. ಇವನ ತಪ್ಪೇನಿಲ್ಲ."

ಚಾಚಾ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು. ಮಗನ ಕೈಗೆ ಕೊಟ್ಟರು. ಅವನು ಬಹಳ ಹೊತ್ತು ನೋಡಿದ.

"ಗಾಡಿ ಚೊಲೋ ಕಾಣಸ್ತೈತಿ," ಎಂದ. ಆಮೇಲೆ ಅದನ್ನು ಟೈರಿನ ಮೇಲೆ ಎಸೆದ. "ಎರಡು ವರ್ಷ ಆತಲ್ಲಲೇ. ಮಲಗಿದ್ರ ಸಾಕು, ನಾ ಆ ಗಂಟು ಕಟ್ಟತಿರ್ತೀನಿ. ಎಷ್ಟು ಎಳದ್ರೂ ಬಿಗಿ ಆಗವಲ್ದು. ನನ್ನ ಕೈಯಾಗ ಶಕ್ತಿನ ಇಲ್ಲಂತ ತಿಳ್ಕೊಂಡಿದ್ದೆ. ನೀ ಟ್ರಂಕಿನ್ಯಾಗ ಇಟ್ಟುಕೊಂಡು ಕುಂತಿದ್ದಿ!"

ನನ್ನ ಕಾಲರ್ ಹಿಡಿದ. ಗ್ರೀಸಿನ ಕೈ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಬಿಟ್ಟುಬಿಟ್ಟ. ತೊಟ್ಟಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಚಾಚಾ ಚಹಾ ಮುಗಿಸಿದರು. ನನ್ನ ಕಪ್ಪು ಆರಿಹೋಯಿತು.

ಗೆಳೆಯ ಬೆನ್ನು ತಿರುಗಿಸಿಕೊಂಡೇ ಕೇಳಿದ: "ಗಾಳಿ ಒತ್ತತೈತಿ ಅಂದಿದ್ದಿ. ಮತ್ಯಾಕ ಎದ್ದಿತು? ಈಗರ ಖರೇ ಹೇಳು."

ಜೇಬಿನಲ್ಲಿ ಬೆಳಗಿನ ಕಾಗದದ ಪಟ್ಟಿ ಇನ್ನೂ ಇತ್ತು. ಊದಿ ತೋರಿಸಿದೆ. ಅವನು ತಿರುಗಿ ಬಂದು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಊದಿದ. ಕಾಗದ ಎದ್ದಿತು. ಮತ್ತೆ ಊದಿದ, ಮತ್ತೆ. ಚಾಚಾ ಕೈ ಚಾಚಿದರು. ಅವರ ಮೀಸೆಗೆ ಸಿಕ್ಕಿಕೊಂಡು ಮೊದಲ ಸಲ ಏಳಲಿಲ್ಲ, ಎರಡನೆಯ ಸಲ ಎದ್ದಿತು. "ಹೌದಲ್ಲೋ," ಎಂದರು.

"ಅದಷ್ಟ ಅಲ್ಲ," ಎಂದೆ. "ಓಡೋ ಗಾಡಿಯಾಗ ಗಾಳಿ ಬಂದು ಗಾಜಿಗೆ ಬಡದು ಗಾಜಿನ ಬುಡದಾಗ ಕೂಡತೈತಿ. ಅಲ್ಲಿ ಒತ್ತಡ ಹೆಚ್ಚು. ನಾವು ಬಿಟ್ಟಿದ್ದ ಸಂದಿಯಿಂದ ಬಿಸಿ ಹೊರಗ ಹೋಗಲಿಲ್ಲ, ಗಾಳಿನ ಒಳಗ ಬಂತು. ಮ್ಯಾಲಿಂದ ಎಳೀತು, ಕೆಳಗಿಂದ ನೂಕಿತು. ಹತ್ತಿ ಹಾರಿದ್ದು ಗಾಡಿ ನಿಂತಾಗ."

ಗೆಳೆಯ ಬೆರಳಿನಲ್ಲಿ ಏನೋ ಲೆಕ್ಕ ಹಾಕಿದ. "ಅಂದ್ರ ನಾ ಹಾಕಿದ ವಾಷರೂ ಅದರಾಗ ಪಾಲೈತಿ."

"ಹಾಕ್ಸಿದವ ನಾನು."

"ಹಾಕಿದ್ದು ನನ್ನ ಕೈ. ಆದ್ರ ಬಿಎಸ್ಸಿ, ನಾ ರೋಡ್ ನೋಡಿದ್ದೂ ಅದ ಸಂದಿಯಾಗ. ಆ ಕುರಿಯವನ ಕಾಲು ಕಂಡಿದ್ದು ಅಲ್ಲೇ." ಬೆರಳಿನಿಂದ ಮೂರು ವಾಷರಿನ ದಪ್ಪ ತೋರಿಸಿದ. "ಇಷ್ಟ."

ಅವನು ನನ್ನನ್ನು ಬಿಎಸ್ಸಿ ಎಂದು ಕರೆದದ್ದು ಎರಡು ವರ್ಷದ ಮೇಲೆ. ನಾನು ಬೇವಿನ ಮರದ ಕಡೆ ನೋಡುತ್ತ ನಿಂತೆ.

ಶೆಡ್ಡಿನಲ್ಲಿ ಕೂಡ್ಲಿಗಿಗೆ ಹೋಗಬೇಕಾಗಿದ್ದ ಒಂದು ಹಳೆಯ ಟೆಂಪೊ ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಚಾಚಾ ಎದ್ದು ಅದರ ಬಾನೆಟ್ಟು ಇಳಿಸಿದರು. ಟೈರಿನ ಮೇಲಿದ್ದ ಆ ಪಟ್ಟಿಯನ್ನು ಎಳೆದು ನೋಡಿದರು. ಎರಡು ವರ್ಷವಾದರೂ ಜೀವವಿತ್ತು. ಮಗನ ಕಡೆ ಎಸೆದರು.

"ಕಟ್ಟು. ಆಮ್ಯಾಲ ಆ ಟ್ರ್ಯಾಕ್ಟರ್ ಎಂಜಿನ್ನಿಂದು ಹೆಡ್ ಬಿಚ್ಚು. ನನ್ನ ಕಣ್ಣಿಗೆ ವಾಲ್ವ್ ಕಾಣಂಗಿಲ್ಲ ಈಗ."

ಅವನು ಕಟ್ಟಿದ. ಎಳೆದು, ಇನ್ನೊಮ್ಮೆ ಎಳೆದು, ಗಂಟಿನ ತುದಿಯನ್ನು ಒಳಗೆ ಸಿಕ್ಕಿಸಿದ. ಏಟು ಹಾಕಲು ಕೈ ಎತ್ತಿ ಅಪ್ಪನ ಮುಖ ನೋಡಿದ. ಚಾಚಾ ತಲೆಯಾಡಿಸಿದರು. ಎಡ ಮೂಲೆಗೆ ಒಂದು, ಬಲ ಮೂಲೆಗೆ ಒಂದು.

ಅಷ್ಟರಲ್ಲಿ ನಮ್ಮೂರಿನ ಕೊನೆಯ ಬಸ್ಸು ಹೋಗಿತ್ತು. "ಊಟ ಮಾಡಿ ಮಾಳಗಿ ಮ್ಯಾಲ ಮಲಕ್ಕೊ ಹೋಗು," ಎಂದರು ಚಾಚಾ, ನನಗೆ. ಸಾರ್ ಇರಲಿಲ್ಲ, ಬಹುವಚನವೂ ಇರಲಿಲ್ಲ. ಮಾಳಿಗೆಯ ಮೇಲೆ ಎರಡು ಚಾಪೆ ಹಾಸಿದ್ದರು. ಗೆಳೆಯ ನನಗೆ ಬೆನ್ನು ಮಾಡಿಯೇ ಮಲಗಿದ. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಹೋಗಲು ಇನ್ನೂ ಕೆಲವು ವರ್ಷ ಬೇಕಾಯಿತು, ಆ ಭಾನುವಾರಗಳಂತೂ ಮರಳಲಿಲ್ಲ. ಧಡ್ ಎಂಬ ಸದ್ದಿಗೆ ಕಾಯುತ್ತ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲಿತ್ತು. ಕೆಳಗೆ ಸುತ್ತಿಗೆಯ ಸದ್ದು. ಗಡಿಯಾರ ನೋಡಿದೆ, ಎಂಟೂ ಇಪ್ಪತ್ತು. ಪಕ್ಕದ ಚಾಪೆಯಲ್ಲಿ ಗೆಳೆಯ ಬಾಯಿ ತೆರೆದುಕೊಂಡು ಮಲಗಿದ್ದ, ಎರಡೂ ಅಂಗೈ ಬಿಚ್ಚಿಕೊಂಡಿದ್ದವು. ಒಣಹಾಕಲು ಬಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದ ಅವನ ತಾಯಿ, ಎಬ್ಬಿಸಲು ಹೊರಟ ನನ್ನನ್ನು ಕೈಸನ್ನೆಯಿಂದ ತಡೆದರು.

"ಬ್ಯಾಡಪ, ಮಲಕ್ಕೊಳ್ಳಲಿ. ರಾತ್ರಿ ಒಂದ್ಸಲನೂ ಎದ್ದಿಲ್ಲ ಅವ. ನೀನೂ ಎದ್ದಿಲ್ಲ. ನಾ ಎರಡು ಸಲ ಬಂದು ನೋಡಿ ಹೋದೆ."

ಒದ್ದೆ ಸೀರೆಯೊಂದನ್ನು ಹಗ್ಗಕ್ಕೆ ಹಾಕಿ, ಹಾರದಂತೆ ಎರಡು ತುದಿಗೂ ಗಂಟು ಹಾಕಿದರು. ಅದರ ನೆರಳು ನಮ್ಮಿಬ್ಬರ ಮೇಲೆ ಬಿತ್ತು. ನಾನು ಮತ್ತೆ ಮಲಗಿದೆ.